ಪಿಕಪ್‌ಗೆ ಡೀಸೆಲ್ಲೋ ಪೆಟ್ರೋಲೋ: ನಾನು ಲೆಕ್ಕ ಹಾಕಿದ ಬಗೆ

ಹೊಸ ಪಿಕಪ್ ತಗೊಳ್ಳಬೇಕು ಅಂದಾಗ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ಲೋಡು ಹೊರುವ ಗಾಡಿಗೆ ಡೀಸೆಲ್ಲೇ ಸೈ. ನನ್ನ ಹಳೆಯ ಗಾಡಿಯೂ ಡೀಸೆಲ್ಲೇ, ಅದರ ಮೇಲೆ ದೂರೇನೂ ಇಲ್ಲ. ಆದರೂ ಈ ಸಲ ಪೆಟ್ರೋಲ್ ತಗೊಂಡೆ. ಮೈಲೇಜಿಗಿಂತ, ಬೆಲೆಗಿಂತ ಹೆಚ್ಚಾಗಿ ಅದನ್ನು ತೀರ್ಮಾನಿಸಿದ್ದು ನನ್ನ ಗಾಡಿಯ ದಿನಚರಿ.

ಷೋರೂಮಿನ ಮೆಟ್ಟಿಲು ಹತ್ತುವ ಮೊದಲು ಕೆಲವು ವಾರ ಒಂದು ನೋಟ್‌ಬುಕ್ಕನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದೆ. ಹೊರಡುವಾಗ ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಎಷ್ಟು ದೂರ ಹೋದೆ, ಹಿಂದೆ ಎಷ್ಟು ತೂಕ, ಟ್ರೈಲರ್ ಇತ್ತೋ ಇಲ್ಲವೋ, ಇಷ್ಟೇ ಬರೆದದ್ದು. ಓದಿ ನೋಡಿದರೆ ಹೆಚ್ಚಿನವು ಹತ್ತು ಕಿಲೋಮೀಟರ್ ದಾಟದ ಓಡಾಟಗಳು. ಎಂಜಿನ್ ಸರಿಯಾಗಿ ಕಾಯುವಷ್ಟರಲ್ಲಿ ಗಾಡಿ ನಿಂತಿರುತ್ತಿತ್ತು. ಟ್ರೈಲರ್ ಕಟ್ಟಿದ್ದು ಅಪರೂಪ.

ಈಗಿನ ಡೀಸೆಲ್ ಎಂಜಿನ್‌ಗೆ ಇಂಥ ಬದುಕು ಒಗ್ಗುವುದಿಲ್ಲ. ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ತುಂಬಿದ ಮಸಿಯನ್ನು ಗಾಡಿ ಓಡುತ್ತಿರುವಾಗಲೇ ಅಲ್ಲೇ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಬಿಸಿ ತರಿಸಲು ಎಂಜಿನ್ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಸುಡುವ ಕೆಲಸ ಅರ್ಧದಲ್ಲಿರುವಾಗ ನಾವು ಕೀ ತಿರುಗಿಸಿ ಇಳಿದುಬಿಟ್ಟರೆ ಮಸಿ ಹಾಗೇ ಉಳಿಯುತ್ತದೆ. ಹಲವು ಎಂಜಿನ್‌ಗಳಲ್ಲಿ ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಏರಿದ್ದರೆ ಖುಷಿಪಡಬೇಡಿ. ಅದು ತೆಳುವಾಗುತ್ತಿದೆ ಅಂತ ಅರ್ಥ. ಇದರ ಜೊತೆಗೆ ಎಷ್ಟೋ ಮಾಡೆಲ್‌ಗಳಿಗೆ ಹೊಗೆಯ ವಿಷ ತಗ್ಗಿಸುವ ಯೂರಿಯಾ ದ್ರಾವಣ ಬೇರೆ ತುಂಬಿಸುತ್ತಿರಬೇಕು.

ಡೀಸೆಲ್‌ನ ಎಳೆತವನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಸುಮಾರು 1500ರಿಂದ 2500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಳಗೇ ಅದರ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. ಟ್ರೈಲರ್ ಕಟ್ಟಿ ಏರು ಹತ್ತುವಾಗ ಗೇರ್ ಇಳಿಸುವ ಗೋಜು ಕಡಿಮೆ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಅದೇ ಏರಿನಲ್ಲಿ ಎರಡು ಗೇರ್ ಇಳಿದು 4000ದ ಆಚೆ ಅರಚುತ್ತದೆ. ಸದ್ದು ಕೇಳಿ ಹೆದರಬೇಕಾಗಿಲ್ಲ, ಅದು ಹಾಗೆ ತಿರುಗಲೆಂದೇ ಮಾಡಿದ ಎಂಜಿನ್. ಟರ್ಬೊ ಪೆಟ್ರೋಲ್ ಈ ಕೊರತೆಯನ್ನು ಬಹುಪಾಲು ತುಂಬುತ್ತದೆ. ಆದರೆ ಭಾರ ಎಳೆಯುವಾಗ ಅದು ಕುಡಿಯುವ ಪೆಟ್ರೋಲ್ ನೋಡಿದರೆ ಖಾಲಿ ಓಡಿದಾಗಿನ ಮೈಲೇಜ್ ಮರೆತುಬಿಡಬೇಕು.

ಖರ್ಚಿನ ಲೆಕ್ಕವನ್ನು ಲೀಟರ್‌ನಲ್ಲೇ ಹಾಕಿದೆ, ಸುಲಭ. ಎರಡೂ ಇಂಧನದ ದರ ಹೆಚ್ಚುಕಮ್ಮಿ ಒಂದೇ ಅಂದುಕೊಳ್ಳಿ. ಡೀಸೆಲ್ ಮಾಡೆಲ್‌ಗೆ ಕೊಡುವ ಹೆಚ್ಚಿನ ದುಡ್ಡಿಗೆ 2400 ಲೀಟರ್ ಬರುತ್ತದೆ, 100 ಕಿಲೋಮೀಟರ್‌ಗೆ 3 ಲೀಟರ್ ಉಳಿಯುತ್ತದೆ ಅಂದರೆ, ಅಸಲು ಹುಟ್ಟಲು 80,000 ಕಿಲೋಮೀಟರ್ ಓಡಿಸಬೇಕು. ಫ್ಯುಯೆಲ್ ಫಿಲ್ಟರ್, ಹೆಚ್ಚು ಹಿಡಿಸುವ ಆಯಿಲ್ ಇವನ್ನು ಸೇರಿಸಿದರೆ ಗೆರೆ ಇನ್ನೂ ಮುಂದೆ ಹೋಗುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೈಕೊಟ್ಟರೆ ಆ ಬಿಲ್ಲಿನ ಕಥೆಯೇ ಬೇರೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಹಾಕಿ ನೋಡಿ. ನನ್ನ ಓಡಾಟಕ್ಕೆ ಆ ಗೆರೆ ಮುಟ್ಟುವಷ್ಟರಲ್ಲಿ ಗಾಡಿಗೆ ವಯಸ್ಸಾಗಿರುತ್ತದೆ.

ಬಹಳ ಜನ ನೋಡದ ಇನ್ನೊಂದು ಸಂಗತಿ ತೂಕ. ಡೀಸೆಲ್ ಎಂಜಿನ್ ಹೆಚ್ಚಿನ ಒತ್ತಡ ತಡೆಯಬೇಕು, ಹಾಗಾಗಿ ಸಾಮಾನ್ಯವಾಗಿ ಭಾರ. ಗಾಡಿಯ ಒಟ್ಟು ತೂಕದ ಮಿತಿ ಎರಡಕ್ಕೂ ಒಂದೇ ಇದ್ದರೆ, ಎಂಜಿನ್ ತಿಂದ ಕಿಲೋಗಳು ನಿಮ್ಮ ಲೋಡಿನಿಂದಲೇ ಕಡಿತ. ಹೆಚ್ಚಾಗಿ ಎಳೆಯದೆ ಹೊರುವವರಿಗೆ, ಅಂದರೆ ನನ್ನಂಥವರಿಗೆ, ಇದು ಪೆಟ್ರೋಲ್ ಕಡೆಗೇ ವಾಲುತ್ತದೆ. ಬ್ರೋಷರ್ ನಂಬದೆ ಆ ಗಾಡಿಯದೇ ತೂಕದ ಪ್ಲೇಟ್ ಓದಿ.

ಟೆಸ್ಟ್ ಡ್ರೈವ್‌ಗೆ ಖಾಲಿ ಗಾಡಿ ಕೊಡುತ್ತಾರೆ, ಖಾಲಿಯಲ್ಲಿ ಎರಡೂ ಚೆನ್ನಾಗೇ ಓಡುತ್ತವೆ. ನಾನು ಪಟ್ಟು ಹಿಡಿದು ನನ್ನ ಮಾಮೂಲಿ ಲೋಡನ್ನು ಹೇರಿಸಿ ಏರಿನಲ್ಲಿ ನಿಲ್ಲಿಸಿ ಎತ್ತಿ ನೋಡಿದೆ. ಡೀಸೆಲ್ ಹಾಯಾಗಿ ಎತ್ತಿತು. ಪೆಟ್ರೋಲ್ ಸ್ವಲ್ಪ ಗದ್ದಲ ಮಾಡಿ ಎತ್ತಿತು. ನನಗೆ ಅಷ್ಟು ಸಾಕಾಗಿತ್ತು. ವಾರಕ್ಕೆರಡು ಸಲ ಟ್ರೈಲರ್ ಕಟ್ಟಿ ದೂರದ ದಾರಿ ಹಿಡಿಯುವ ಕೆಲಸ ಇದ್ದಿದ್ದರೆ ಡೀಸೆಲ್ ಕೀಲಿಯನ್ನೇ ಕೇಳುತ್ತಿದ್ದೆ.