ಚೀನೀ ಮೂಲಿಕೆ, ಅಕ್ಯುಪಂಕ್ಚರ್: ಸಂಶೋಧನೆ ಓದುವುದು ಹೇಗೆ?

ನಾನು ಕೆಲಸ ಮಾಡುವುದು ವೈದ್ಯಕೀಯ ಗ್ರಂಥಾಲಯದಲ್ಲಿ. "ಅಕ್ಯುಪಂಕ್ಚರ್‌ನಿಂದ ಬೆನ್ನುನೋವು ಹೋಗುತ್ತಂತೆ, ಸಂಶೋಧನೆ ಇದ್ರೆ ಹುಡುಕಿ ಕೊಡಿ" ಅಂತ ಬರುವವರು ಇದ್ದೇ ಇರುತ್ತಾರೆ. ಹುಡುಕುವುದು ಸುಲಭ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಆ ಒಂದು ಪದ ಹಾಕಿದರೆ ಸಾವಿರಗಟ್ಟಲೆ ಲೇಖನ ಬಂದು ಬೀಳುತ್ತವೆ. ಯಾವುದನ್ನು ನಂಬುವುದು ಅನ್ನುವಲ್ಲೇ ತಲೆನೋವು ಶುರುವಾಗುವುದು. ಅವರಿಗೆ ನಾನು ಎರಡು ಪ್ರಶ್ನೆ ಹೇಳಿಕೊಡುತ್ತೇನೆ. ಸೂಜಿಯ ವಿಷಯವಾದರೆ, ಅಂದರೆ ಮೈಗೆ ತೆಳು ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಆದರೆ, ಯಾವುದರ ಜೊತೆ ಹೋಲಿಸಿದರು? ಮೂಲಿಕೆಯ ವಿಷಯವಾದರೆ, ಪೊಟ್ಟಣದಲ್ಲಿ ನಿಜಕ್ಕೂ ಏನಿತ್ತು?

ಮೊದಲು ಸೂಜಿ. ನೋವು ಏರುತ್ತದೆ, ಇಳಿಯುತ್ತದೆ. ತಡೆಯಲಾಗದಷ್ಟು ಆದಾಗಲೇ ಜನ ಚಿಕಿತ್ಸೆಗೆ ಹೋಗುವುದು. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಸ್ವಲ್ಪ ಇಳಿಯುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ "ಇಷ್ಟು ಜನರಿಗೆ ಚುಚ್ಚಿದೆವು, ಇಷ್ಟು ಜನರಿಗೆ ಗುಣವಾಯಿತು" ಅನ್ನುವ ಲೇಖನವನ್ನು ನಾನು ಅಲ್ಲಿಗೇ ಮುಚ್ಚಿಡುತ್ತೇನೆ. ಪಕ್ಕದಲ್ಲಿ ಇನ್ನೊಂದು ಗುಂಪು ಇರಲೇಬೇಕು. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿರಬೇಕು.

ಆ ಇನ್ನೊಂದು ಗುಂಪಿಗೆ ಏನು ಕೊಟ್ಟರು ಅನ್ನುವುದನ್ನು ನಿಧಾನವಾಗಿ ಓದಿ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ನಂಬಿಸಬಹುದು. ಸೂಜಿಗೆ ಏನು ಮಾಡುವುದು? 1998ರಲ್ಲಿ ಜರ್ಮನಿಯ ಕೊನ್ರಾಡ್ ಸ್ಟ್ರೈಟ್‌ಬರ್ಗರ್ ಒಂದು ಉಪಾಯ ಪ್ರಕಟಿಸಿದರು. ಅವರ ಸೂಜಿಯ ತುದಿ ಮೊಂಡು. ಒತ್ತಿದರೆ ಹಿಡಿಕೆಯೊಳಗೆ ಸರಿಯುತ್ತದೆ. ರೋಗಿಗೆ ಚುಚ್ಚಿದಂತೆಯೇ ಅನಿಸುತ್ತದೆ, ಆದರೆ ಒಳಗೆ ಹೋಗುವುದಿಲ್ಲ. ಬೇರೆ ಕೆಲವರು ನಿಜವಾದ ಸೂಜಿಯನ್ನೇ ತಪ್ಪು ಜಾಗದಲ್ಲಿ, ಆಳಕ್ಕೆ ಇಳಿಸದೆ ಚುಚ್ಚುತ್ತಾರೆ. ಎರಡೂ ನಕಲಿಯೇ, ಆದರೆ ಒಂದೇ ಅಲ್ಲ. ಇಷ್ಟೆಲ್ಲ ಮಾಡಿದರೂ ಚುಚ್ಚುವವರಿಗೆ ಗುಟ್ಟು ಗೊತ್ತಿರುತ್ತದೆ. ಅವರ ಮಾತು, ಮುಖಭಾವ ರೋಗಿಗೆ ತಟ್ಟದೆ ಇರುತ್ತದಾ?

ಅಭ್ಯಾಸಕ್ಕೆ ಒಂದೇ ಒಂದು ಲೇಖನ ಓದಿ ಅಂದರೆ, 2007ರಲ್ಲಿ ಪ್ರಕಟವಾದ ಜರ್ಮನಿಯ ಜೆರಾಕ್ ಬೆನ್ನುನೋವಿನ ಪ್ರಯೋಗವನ್ನು ತೆಗೆದುಕೊಡುತ್ತೇನೆ. 1162 ರೋಗಿಗಳು, ಮೂರು ಗುಂಪು. ಆರು ತಿಂಗಳ ನಂತರ ಸುಧಾರಣೆ ಕಂಡವರು: ಅಸಲಿ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6, ನಕಲಿಯಲ್ಲಿ (ಇಲ್ಲಿ ತಪ್ಪು ಜಾಗದಲ್ಲಿ ಚುಚ್ಚಿದ್ದು) ಶೇ. 44.2, ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದ ಗುಂಪಿನಲ್ಲಿ ಶೇ. 27.4. ಮೊದಲನೆಯದನ್ನೂ ಮೂರನೆಯದನ್ನೂ ಮಾತ್ರ ಇಟ್ಟುಕೊಂಡರೆ "ಅಕ್ಯುಪಂಕ್ಚರ್ ಗೆದ್ದಿತು" ಅಂತ ಬರೆಯಬಹುದು. ಮೊದಲೆರಡನ್ನು ಇಟ್ಟುಕೊಂಡರೆ "ಅಕ್ಯುಪಂಕ್ಚರ್ ಬರೀ ಬೊಗಳೆ" ಅಂತ ಬರೆಯಬಹುದು. ಎರಡೂ ಥರದ ಸುದ್ದಿ ಒಂದೇ ಅಂಕಿಗಳಿಂದ ಹುಟ್ಟುತ್ತದೆ! ನನಗೆ ಕಾಣುವುದು ಇಷ್ಟು: ಆ ಚಿಕಿತ್ಸೆಗೆ ಹೋದವರಿಗೆ ಉಪಯೋಗವಾಗಿದೆ, ಆದರೆ ಎಲ್ಲಿ ಚುಚ್ಚಿದರು ಅನ್ನುವುದರಿಂದ ಆದ ವ್ಯತ್ಯಾಸ ಬಹಳ ಕಡಿಮೆ. ಆಮೇಲೆ 2012ರಲ್ಲಿ ಸಂಶೋಧಕ ಆಂಡ್ರ್ಯೂ ವಿಕರ್ಸ್ ಅವರ ತಂಡ 29 ಪ್ರಯೋಗಗಳ 17,922 ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಹಾಕಿ ನೋಡಿತು. ಅಸಲಿ ಸೂಜಿ ನಕಲಿಗಿಂತ ಮೇಲೆಯೇ ಬಂತು. ಅಂತರ ಮಾತ್ರ ಚಿಕ್ಕದು.

ಅದೇ ವಿಕರ್ಸ್ 1998ರಲ್ಲಿ ಇನ್ನೊಂದು ವಿಷಯ ಎತ್ತಿದ್ದರು. ಅವರು ನೋಡಿದ ಅಕ್ಯುಪಂಕ್ಚರ್ ಪ್ರಯೋಗಗಳಲ್ಲಿ ಚೀನಾದಿಂದ ಬಂದವೆಲ್ಲ ಯಶಸ್ವಿ. ಒಂದೂ ಸೋತಿರಲಿಲ್ಲ. ಎಲ್ಲವೂ ಗೆದ್ದಿದೆ ಅಂದರೆ ಸೋತದ್ದು ಅಚ್ಚಾಗಿಲ್ಲ ಅಂತಲೇ ಅನುಮಾನ ಬರುತ್ತದೆ, ಅಲ್ವಾ? ಅದಕ್ಕೇ ಪ್ರಯೋಗ ಶುರುವಾಗುವ ಮೊದಲೇ ನೋಂದಣಿ ಆಗಿತ್ತಾ ಅಂತ ನೋಡಿ. ಚೀನಾಕ್ಕೆ ತನ್ನದೇ ನೋಂದಣಿ ವ್ಯವಸ್ಥೆ ಇದೆ. ಲೇಖನದಲ್ಲಿ ಕೊಟ್ಟ ಸಂಖ್ಯೆ ಹಿಡಿದು ಹೋದರೆ ಮೊದಲು ಏನು ಅಳೆಯುತ್ತೇವೆ ಅಂದಿದ್ದರು, ಕೊನೆಗೆ ಏನು ಅಳೆದರು, ಎರಡೂ ಸಿಗುತ್ತದೆ. ಸಮಯ ಕಡಿಮೆ ಇದ್ದರೆ ಕಾಕ್ರೇನ್ ಸಮೀಕ್ಷೆಯಿಂದ ಶುರು ಮಾಡಿ, ಅದರಲ್ಲಿ ಒಂದು ವಿಷಯದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿರುತ್ತಾರೆ.

ಈಗ ಮೂಲಿಕೆ. ಇಲ್ಲಿ ನಾನು ಜಾಸ್ತಿ ಹಟ ಹಿಡಿಯುತ್ತೇನೆ, ಕಾರಣ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಆದದ್ದು. 1990ರ ದಶಕದ ಶುರುವಿನಲ್ಲಿ ಅಲ್ಲಿ ತೂಕ ಇಳಿಸಲು ಕೊಡುತ್ತಿದ್ದ ಗುಳಿಗೆಗೆ ಚೀನೀ ಮೂಲಿಕೆ ಸೇರಿಸಿದರು. ಹಾಕಬೇಕಿದ್ದದ್ದು ಸ್ಟೆಫಾನಿಯಾ ಟೆಟ್ರಾಂಡ್ರಾ, ಚೀನಾದಲ್ಲಿ ಅದು ಫಾಂಗ್‌ಜಿ. ಬಂದದ್ದು ಗುವಾಂಗ್ ಫಾಂಗ್‌ಜಿ, ಅಂದರೆ ಅರಿಸ್ಟೊಲೋಕಿಯಾ ಜಾತಿಯ ಬೇರೆಯೇ ಗಿಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳು ಮಾಡುತ್ತದೆ. ನೂರಕ್ಕೂ ಹೆಚ್ಚು ಜನರ ಕಿಡ್ನಿಗೆ ಹಾನಿಯಾಯಿತು. ಕೆಲವರಿಗೆ ಮುಂದೆ ಮೂತ್ರನಾಳದಲ್ಲಿ ಕ್ಯಾನ್ಸರ್ ಕೂಡ ಬಂತು.

ಆದ್ದರಿಂದ ಮೂಲಿಕೆಯ ಲೇಖನ ಸಿಕ್ಕರೆ ಫಲಿತಾಂಶಕ್ಕೆ ಹಾರಬೇಡಿ. ವಿಧಾನದ ಭಾಗಕ್ಕೆ ಹೋಗಿ. ಗಿಡದ ಲ್ಯಾಟಿನ್ ಹೆಸರು ಇದೆಯಾ? ಬೇರಾ, ಎಲೆಯಾ, ತೊಗಟೆಯಾ? ಹೇಗೆ ಸಂಸ್ಕರಿಸಿದರು? ಇದು ಸಣ್ಣ ವಿಷಯವಲ್ಲ. ಫೂಜಿ ಅನ್ನುವ ಬೇರು ಹಸಿಯಾಗಿದ್ದರೆ ಪ್ರಾಣ ತೆಗೆಯುವ ವಿಷ. ನೆನೆಸಿ, ಹೊತ್ತುಗಟ್ಟಲೆ ಕುದಿಸಿದಾಗ ಅದರ ಅಕೋನಿಟಿನ್ ಒಡೆದು ವಿಷ ಇಳಿಯುತ್ತದೆ. ಕೊನೆಯದಾಗಿ, ಪ್ರಯೋಗಕ್ಕೆ ಬಳಸಿದ ಸರಕನ್ನು ಲ್ಯಾಬಿನಲ್ಲಿ ಪರೀಕ್ಷಿಸಿದರಾ? ಪಿಸಿ-ಸ್ಪೆಸ್ ಅಂತ ಒಂದು ಮೂಲಿಕೆಗಳ ಮಿಶ್ರಣವಿತ್ತು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹೆಸರಾಗಿತ್ತು. ಪರೀಕ್ಷಿಸಿದಾಗ ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಇಂಗ್ಲಿಷ್ ಔಷಧಿಗಳೇ ಸಿಕ್ಕವು. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು.

ಇದನ್ನೆಲ್ಲ ಕೇಳಿ ಚೀನೀ ಮೂಲಿಕೆಯೇ ಸುಳ್ಳು ಅಂತ ಎದ್ದು ಹೋಗುವವರನ್ನು ಕೂರಿಸಿ ಚೀನಾದ ವಿಜ್ಞಾನಿ ತು ಯುಯು ಅವರ ಕತೆ ಹೇಳುತ್ತೇನೆ. ಚೀನಾ 1967ರಲ್ಲಿ ಮಲೇರಿಯಾ ಔಷಧಿಗಾಗಿ 523 ಅನ್ನುವ ಯೋಜನೆ ಶುರು ಮಾಡಿತು. ಹಳೇ ಪುಸ್ತಕಗಳನ್ನು ಜಾಲಾಡಿದ ಯುಯು ತಂಡಕ್ಕೆ ಚಿಂಗ್‌ಹಾವ್ ಗಿಡ ಸಿಕ್ಕಿತು. ಆದರೆ ಅದರ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ಸುಮಾರು 1,600 ವರ್ಷ ಹಿಂದಿನ ‘ಗೆ ಹೊಂಗ್’ ಎಂಬ ವೈದ್ಯರ ಬರಹದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ ಕುಡಿಯಿರಿ ಅಂತಿತ್ತು. ಕುದಿಸುವ ಮಾತೇ ಇಲ್ಲ. ಬಿಸಿಯಿಂದಲೇ ಸತ್ವ ಹಾಳಾಗುತ್ತಿದೆಯೇನೋ ಅಂತ ಯುಯು 1971ರಲ್ಲಿ ಕಡಿಮೆ ತಾಪದಲ್ಲಿ, ಈಥರ್ ಬಳಸಿ ಸಾರ ತೆಗೆದರು. ಇಲಿ, ಕೋತಿಗಳಲ್ಲಿ ಗೆದ್ದ ಮೇಲೆ ತಾವೇ ಮೊದಲು ಸೇವಿಸಿ ನೋಡಿದರು. ಅದರಿಂದ ಬಂದದ್ದು ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಸಿಕ್ಕಿತು. ಹಳೇ ಪುಸ್ತಕ ದಾರಿ ತೋರಿಸಿತು, ಸಾಬೀತು ಮಾಡಿದ್ದು ಪ್ರಯೋಗ. ಅಂದ ಮಾತ್ರಕ್ಕೆ ಆ ಗಿಡದ ಕಷಾಯ ಕುಡಿದರೆ ಮಲೇರಿಯಾ ಹೋಗುತ್ತದೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಆ ಕಷಾಯವನ್ನು ಒಪ್ಪುವುದಿಲ್ಲ, ಅದರಲ್ಲಿ ಔಷಧಿಯ ಪ್ರಮಾಣ ಸಾಲದು.

ಓದುತ್ತಿರುವುದು ನಿಮ್ಮದೇ ಚಿಕಿತ್ಸೆಗಾಗಿ ಆದರೆ ಇನ್ನೆರಡು ಮಾತು. ಸೂಜಿಯಿಂದ ಅಪಾಯ ಅಪರೂಪ. ಆದರೆ ಎದೆಯ ಹತ್ತಿರ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬಿದ್ದ ಉದಾಹರಣೆಗಳಿವೆ, ಹಾಗಾಗಿ ತರಬೇತಿ ಪಡೆದವರ ಹತ್ತಿರವೇ ಹೋಗಿ. ಒಮ್ಮೆ ಬಳಸಿ ಎಸೆಯುವ ಸೂಜಿಯೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಮೂಲಿಕೆ ತೆಗೆದುಕೊಳ್ಳುತ್ತಿದ್ದರೆ ಪೊಟ್ಟಣದ ಫೋಟೋ ತೆಗೆದು ನಿಮ್ಮ ವೈದ್ಯರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರಂತೂ ಇದನ್ನು ಮರೆಯಲೇಬಾರದು. ಡಾನ್‌ಶೆನ್ ಬೇರು ಆ ಮಾತ್ರೆಯ ಪ್ರಭಾವವನ್ನು ಏರಿಸಿ ರಕ್ತಸ್ರಾವ ತರಬಹುದು.