ಕೆರೆದು ಕೆರೆದು ಕೈಗೆ ಬಂದ ತೈಲವರ್ಣ: ನನ್ನ ಅನುಭವ

ಬರೆದ ಚಿತ್ರವನ್ನು ಬಣ್ಣ ಹಸಿಯಿರುವಾಗಲೇ ಪ್ಯಾಲೆಟ್ ನೈಫಿನಿಂದ (ಬಣ್ಣ ಬೆರೆಸುವ ತೆಳು ಅಲಗಿನ ಚಾಕು) ಕೆರೆದು, ಅದೇ ಬೋರ್ಡಿನ ಮೇಲೆ ಮತ್ತೆ ಬರೆಯುತ್ತೇನೆ ಎಂದಾಗ ಜೊತೆಯ ಚಿತ್ರಕಾರರು ಯಾರೂ ಒಪ್ಪಲಿಲ್ಲ. ಬಣ್ಣವೂ ದಂಡ, ರೂಪದರ್ಶಿಗೆ ಕೊಟ್ಟ ಹಣವೂ ದಂಡ ಎಂದರು. ಒಂದೂವರೆ ವರ್ಷದ ಮೇಲೆ, 20 ನಿಮಿಷದಲ್ಲಿ ನಾನು ಬರೆದ ಮುಖಗಳನ್ನು ನೋಡಿ ಅವರಲ್ಲಿ ಇಬ್ಬರು ಈಗ ನೈಫ್ ಹಿಡಿದಿದ್ದಾರೆ.

ಮೊದಲ ವರ್ಷ ಬರೀ ಸೋಲು. ದೊಡ್ಡ ಕ್ಯಾನ್ವಾಸ್ ಹೊತ್ತು ಬಯಲಿಗೆ ಹೋಗಿ ಮೂರು ಗಂಟೆ ನಿಲ್ಲುತ್ತಿದ್ದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಮರದ ನೆರಳು ಒಂಬತ್ತು ಗಂಟೆಯದು, ಪಕ್ಕದ ಗೋಡೆಯ ನೆರಳು ಹನ್ನೊಂದರದು ಎಂಬಂತಹ ಚಿತ್ರಗಳೇ ರಾಶಿ ಬಿದ್ದವು. ಬೋರ್ಡಿನ ಮೇಲೆ ನೇರ ಬಿಸಿಲು ಬಿದ್ದಾಗ ಬರೆದವು ಮನೆಯೊಳಗೆ ಮಂಕಾಗಿ ಕಪ್ಪಿಟ್ಟವು. ನೀಲಿ ಕೊಡೆ ಹಿಡಿಸಿದೆ. ಅದರ ಛಾಯೆಯನ್ನು ಕಣ್ಣು ತಾನೇ ಸರಿದೂಗಿಸಿಕೊಂಡು, ಮನೆಗೆ ತಂದ ಚಿತ್ರವೆಲ್ಲ ಕಿತ್ತಳೆಯಾಯಿತು. ಈಗ ಬೂದು ಕೊಡೆ ಬಿಟ್ಟರೆ ಬೇರೆಯದನ್ನು ಮುಟ್ಟುವುದಿಲ್ಲ.

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆ 1890ರ ಸುಮಾರಿಗೆ ಬಣವೆಗಳನ್ನು ಚಿತ್ರಿಸುವಾಗ ಬೆಳಕು ಬದಲಾದಂತೆ ಕ್ಯಾನ್ವಾಸನ್ನೂ ಬದಲಿಸುತ್ತಿದ್ದರು. ಅಷ್ಟು ಕ್ಯಾನ್ವಾಸಿಗೆ ನನ್ನಲ್ಲಿ ಹಣವಿರಲಿಲ್ಲ. 8 x 10 ಇಂಚಿನ ಒಂದೇ ಬೋರ್ಡನ್ನು ಕೆರೆಯತೊಡಗಿದ್ದು ಹಾಗೆ. ಮೊದಲ ಸಲ 40 ನಿಮಿಷ, ಮೊಬೈಲಿನ ಅಲಾರಂ ಕೂಗಿದ ಕೂಡಲೇ ಕೆರೆತ. ಎರಡನೆಯದಕ್ಕೆ ಸುಮಾರು 30, ಮೂರನೆಯದಕ್ಕೆ 20. ಕೆರೆದರೂ ರೇಖೆಯ ಮಸುಕು ಗುರುತು ಉಳಿದಿರುತ್ತದೆ, ಆದ್ದರಿಂದ ಮೂರನೆಯ ಸಲ ಕೈ ನೇರವಾಗಿ ನೆರಳಿನ ದೊಡ್ಡ ಆಕಾರಗಳಿಗೆ ಹೋಗುತ್ತದೆ. ಬೆಳಕು ಸರಿದಿದ್ದರೆ ಸರಿದ ಬೆಳಕನ್ನೇ ಬರೆಯುತ್ತೇನೆ. ಹಳೆಯ ನೆರಳಿನ ಜೊತೆ ಜಗಳವಿಲ್ಲ.

ರೂಪದರ್ಶಿಯ ವಿಷಯದಲ್ಲಿ ಹೆಚ್ಚು ಹಣ ಕಳೆದುಕೊಂಡೆ. ಮೂರು ಗಂಟೆಗಳ ಭಂಗಿಗೆ ನಾನೊಬ್ಬನೇ ಹಣ ಕೊಟ್ಟು, ಒಂದೇ ಚಿತ್ರ ಮುಗಿಸುವ ಹಟ. ಹನ್ನೆರಡರಲ್ಲಿ ಹನ್ನೊಂದು ಕೆಟ್ಟವೇನೋ, ತಿಂಗಳ ಬಣ್ಣದ ಖರ್ಚಿಗಿಂತ ಎರಡು ಪಟ್ಟು ಅಲ್ಲಿಗೇ ಹೋಗುತ್ತಿತ್ತು. ಎರಡನೆಯ ಗಂಟೆಯಲ್ಲಿ ರೂಪದರ್ಶಿಯ ಕತ್ತು ಕುಸಿಯುತ್ತದೆ, ಭುಜ ಇಳಿಯುತ್ತದೆ, ನಾನು ಬರೆದ ಮುಖ ಎದುರಿಗೆ ಇರುವುದೇ ಇಲ್ಲ. ಸೂರ್ಯ ಮಾಡುವುದನ್ನೇ ಕತ್ತೂ ಮಾಡುತ್ತದೆ ಎಂದು ಹೊಳೆದದ್ದು ತಡವಾಗಿ. ಈಗ 20 ನಿಮಿಷ ಭಂಗಿ, 5 ನಿಮಿಷ ವಿರಾಮ. ವಿರಾಮದಲ್ಲಿ ನಾನು ಕೆರೆಯುತ್ತೇನೆ. ‘ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ’ ಎಂಬ ಪೀಡನೆ ತಪ್ಪಿತೆಂದು ನಮ್ಮ ರೂಪದರ್ಶಿಯೇ ಹೇಳಿದರು. ನಾಲ್ವರು ಹಂಚಿಕೊಂಡು ಕೊಡುವುದರಿಂದ ಖರ್ಚು ಕಾಲು ಭಾಗಕ್ಕೆ ಇಳಿದಿದೆ.

ಬಣ್ಣ ದಂಡವಾಯಿತೆ? ಇಲ್ಲ. ಕೆರೆದದ್ದನ್ನು ಡಬ್ಬಿಯಲ್ಲಿ ಕೂಡಿಸಿ ಅರೆದರೆ ಒಳ್ಳೆಯ ಬೂದು ಸಿಗುತ್ತದೆ. ಟರ್ಪೆಂಟೈನಿನಲ್ಲಿ ತೆಳುಮಾಡಿ ಮುಂದಿನ ಬೋರ್ಡಿಗೆ ಹಿನ್ನೆಲೆ ಬಳಿಯುತ್ತೇನೆ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಹೆಚ್ಚಿದ್ದಾಗ ಎರಡು ದಿನದಲ್ಲಿ ಒಣಗಿತು, ಐವರಿ ಬ್ಲ್ಯಾಕ್ ಎಂಬ ಕಪ್ಪು ಹೆಚ್ಚಿದ್ದಾಗ ವಾರವಾದರೂ ಅಂಟುತ್ತಿತ್ತು. ಪ್ಯಾಲೆಟ್ ಒಣಗದಿರಲೆಂದು ಲವಂಗದ ಎಣ್ಣೆಯನ್ನೂ ಬೆರೆಸಿ ನೋಡಿದೆ. ನಾಲ್ಕು ಹನಿ ಹೆಚ್ಚಾಗಿ, ಬೋರ್ಡ್ ಹದಿನೈದು ದಿನ ಧೂಳು ಹಿಡಿಯಿತು. ಈ ಬೂದನ್ನು ಚರ್ಮದ ನೆರಳಿಗೂ ಬಳಸುತ್ತೇನೆ, ಆದರೆ ಅದಕ್ಕೆ ಬೆರೆಸುವ ಇನ್ನೊಂದು ಬಣ್ಣವನ್ನು ಸದ್ಯಕ್ಕೆ ಹೇಳುವುದಿಲ್ಲ. ಒಂದು ಮಾತು: ನೈಫ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ.

ಮುಖಕ್ಕೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ ಹೆಸರಿನ ನಾಲ್ಕೇ ಬಣ್ಣ ಸಾಕು: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕೆಂಪು, ಐವರಿ ಬ್ಲ್ಯಾಕ್. ಆ ಕಪ್ಪಿಗೆ ಬಿಳಿ ಬೆರೆತಾಗ ಬರುವ ನೀಲಿ ಛಾಯೆ ಆಕಾಶಕ್ಕೆ ಸಾಲದು; ಬಯಲಿಗೆ ಅಲ್ಟ್ರಾಮೆರೀನ್ ಎಂಬ ಗಾಢ ನೀಲಿ ಒಯ್ಯುತ್ತೇನೆ.

ಕಳೆದ ತಿಂಗಳು ಬಯಲು, ರೂಪದರ್ಶಿ ಎರಡನ್ನೂ ಕೂಡಿಸಿದೆ. ರೂಪದರ್ಶಿಯನ್ನು ಮರದ ನೆರಳಿನಲ್ಲಿ ಕೂರಿಸಿ ಮೂರು ಸಲ ಕೆರೆದೆ. ನಾಲ್ಕನೆಯ ಸಲ, ಹುಲ್ಲಿನಿಂದ ಪ್ರತಿಫಲಿಸಿ ಗದ್ದದ ಕೆಳಗೆ ಏರಿದ್ದ ಹಸಿರು ಒಂದೇ ಕುಂಚದೇಟಿಗೆ ಕೂತಿತು. ಸಂಜೆಯ ಬೆಳಕಿನಲ್ಲಿ ಇದೇ ಪ್ರಯತ್ನ ನಡೆಯುತ್ತಿದೆ. ಅಲ್ಲಿ 20 ನಿಮಿಷವೂ ಹೆಚ್ಚಾಗುತ್ತಿದೆ, 12ಕ್ಕೆ ಇಳಿಸಿ ನೋಡುತ್ತಿದ್ದೇನೆ.