ಡೇ ಕೇರ್‌ನಾಗ ಕೂಸಿನ ಹಾಲಿನ ಜಗಳ: ಚೀಟಿ ಬರೆಸಿ ಕೊಡ್ರಿ

ಅಕ್ಕಾರ, ಬಾಣಂತನದ ರಜಾ ಮುಗಿಸಿ ಡ್ಯೂಟಿಗೆ ಹೊಂಟವರಿಗೆ ಒಂದು ಮಾತು. ನನ್ನ ಮಗಳು ಐದು ತಿಂಗಳದಾಕಿ ಇದ್ದಾಗ ವಿಜಯಪುರದಾಗ ಒಂದು ಡೇ ಕೇರ್‌ಗೆ ಬಿಟ್ಟೆ. ನಾ ಹಿಂಡಿಕೊಟ್ಟ ಹಾಲು ಫ್ರಿಜ್‌ನಾಗ ಹಂಗ ಉಳೀತಿತ್ತು. ಸಂಜಿಗೆ ಕರಕೊಂಡು ಬರೂಮುಂದ ನೋಡಿದ್ರ ಜಬಲದ ಮ್ಯಾಲೆ ಬಿಸ್ಕೀಟಿನ ಪುಡಿ! ಕೇಳಿದ್ದಕ್ಕ, "ಬರೇ ನಿಮ್ಮ ಹಾಲಿಗೆ ಹೊಟ್ಟಿ ತುಂಬಂಗಿಲ್ರೀ, ಎಮ್ಮಿ ಹಾಲಾಗ ನೆನಸಿ ತಿನಸೀವಿ" ಅಂದ್ರು.

ನಾಕು ದಿನ ಬಾಯಿಮಾತಿನ ಜಗಳ ಆತು, ಉಪಯೋಗ ಆಗಲಿಲ್ಲ. ಆಮ್ಯಾಲೆ ಮಕ್ಕಳ ಡಾಕ್ಟರ್ ಕಡೆಯಿಂದ ಚೀಟಿ ಬರೆಸಿದೆ: ಆರು ತಿಂಗಳ ತನಕ ಎದಿಹಾಲು ಅಷ್ಟ, ನೀರೂ ಬ್ಯಾಡ, ವರ್ಷ ತುಂಬೂತನಕ ಜೇನುತುಪ್ಪ ನೆಕ್ಕಿಸಬ್ಯಾಡ್ರಿ. ಅದನ್ನ ಅವರ ಫ್ರಿಜ್ ಬಾಗಿಲಿಗೆ ಅಂಟಿಸಿದ ಮ್ಯಾಲೆ ಸುಮ್ಮನಾದ್ರು. ನಾ ಬಡಕೊಂಡಿದ್ದೂ ಅದನ್ನ, ಇರ್ಲಿ.

ಹಾಲು 60 ಮಿಲಿಯಷ್ಟ ಸಣ್ಣ ಡಬ್ಬಿಗೆ ಹಾಕಿ, ಪಟ್ಟಿ ಹಚ್ಚಿ ಹೆಸರು, ಹಿಂಡಿದ ದಿನ, ಹೊತ್ತು ಬರೀರಿ. ಫ್ರಿಜ್‌ನಾಗ 4 ದಿನ ತಡೀತದ. ಹೊರಗ 25 ಡಿಗ್ರಿ ಒಳಗಿದ್ರ 4 ತಾಸು. ನಮ್ಮ ಏಪ್ರಿಲ್ ಬಿಸಲಿಗೆ ಆ ಲೆಕ್ಕ ನಡಿಯಂಗಿಲ್ಲ, ಐಸ್ ಪ್ಯಾಕ್ ಇಟ್ಟು ಕಳಸ್ರಿ. ಬಿಸಿನೀರಿನ ಬೋಗಾಣಿಯಾಗ ಡಬ್ಬಿ ಇಟ್ಟು ಬೆಚ್ಚಗ ಮಾಡಬೇಕು, ಒಲಿ ಮ್ಯಾಲೆ ಕುದಿಸಬಾರದು. ಕುಡಿದು ಉಳಿದದ್ದು 2 ತಾಸಿನ ಮ್ಯಾಲೆ ಚೆಲ್ಲಬೇಕು. ಕೂಸು ಬಾಟಲಿ ಒಲ್ಲೆ ಅಂದ್ರ ವಾಟಗ-ಚಮಚ ಸಾಕು; ಒಂದ್ಸಲ ಆಯಾನ ಮುಂದ ಕುಂತು ನೀವ ಕುಡಿಸಿ ತೋರಸ್ರಿ.

ಇನ್ನೊಂದು, 50 ಇಲ್ಲಾ ಅದಕ್ಕೂ ಹೆಚ್ಚು ಮಂದಿ ಇರೋ ಆಫೀಸಿಗೆ ಕಾನೂನು ಪ್ರಕಾರ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿಗೆ ದಿನಕ್ಕ ನಾಕು ಸಲ ಹೋಗಿ ಬರ್ಲಿಕ್ಕೆ ಹಕ್ಕು ಅದ. ಡೇ ಕೇರ್ ಹುಡುಕೂಕಿಂತ ಮೊದಲ ಅದನ್ನ ಕೇಳ್ರಿ.